ಒಂದೇ ಪೆಟ್ಟಿಗೆ

ಎರಡು ಗಿಟಾರು, ಇರುವುದು ಒಂದೇ ಬೆನ್ನು.
ರಾಬರ್ಟ್‌ಸನ್‌ಪೇಟೆಯಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರ್:
‘ಇವಕ್ಕೂ ಟಿಕೆಟ್ ಹರೀಲಾ ಮೇಡಂ?’
‘ಒಂದಕ್ಕೆ ಹರೀರಿ, ಇನ್ನೊಂದು ತೊಡೆ ಮೇಲಿನ ಕೂಸು.’
ನಕ್ಕ. ನಕ್ಕು ಎರಡಕ್ಕೂ ಹರಿದ.

ಜೇಬಿನಲ್ಲಿ ಅಳತೆಯ ತಂತಿ:
ತುಂಡಾದ ಹಳೆಯ ಐದನೇ ತಂತಿಯನ್ನು
ಸ್ಕೂಟರಿನಲ್ಲಿ ಕಾಲಿಡುವ ಜಾಗದಷ್ಟಕ್ಕೆ ಕತ್ತರಿಸಿ
ಸುರುಳಿ ಸುತ್ತಿ ತಂದಿದ್ದೆ.
ಪೆಟ್ಟಿಗೆ ಅದಕ್ಕಿಂತ ಒಂದು ಬೆರಳು ಅಗಲವಾದರೂ
ಬೇತಮಂಗಲದ ತಿರುವುಗಳಲ್ಲಿ
ನನ್ನ ಮೊಣಕಾಲು ಎಲ್ಲಿಡಲಿ?

ಶನಿವಾರ ರಾತ್ರಿ ಆರತಕ್ಷತೆ, ಎಲೆಕ್ಟ್ರಿಕ್ಕು.
ಸೆಲ್ವಿನ್ ಡ್ರಮ್ ಬಡಿದು ಬಡಿದು
ಊಟದ ಹಾಲಿನ ಪಾಯಸಕ್ಕೂ ಅಲೆ ಎಬ್ಬಿಸುವಾಗ
ಅದನ್ನು ದಾಟಿ ಕೇಳಬೇಕು.
ಭಾನುವಾರ ಬೆಳಿಗ್ಗೆ ಏಳಕ್ಕೆ ಪ್ರಾರ್ಥನೆ, ಮರದ ಗಿಟಾರು.
ಹೆಂಚಿನ ಮಾಡಿನ ಚಿಕ್ಕ ಚರ್ಚು,
ಅಲ್ಲಿ ಕೆಮ್ಮಿದರೂ ಶ್ರುತಿಯಲ್ಲಿ ಕೆಮ್ಮಬೇಕು.
ನಡುವೆ ಐದು ತಾಸು ನಿದ್ದೆ.
ಎರಡು ಪೆಟ್ಟಿಗೆ ಕೊಳ್ಳುವಷ್ಟು ಸಂಬಳ
ಲ್ಯಾಬಿನಲ್ಲಿ ರಕ್ತ ತೆಗೆಯುವವಳಿಗೆ
ಯಾರೂ ಕೊಡುವುದಿಲ್ಲ.

ಕ್ಲಾಕ್ ಟವರಿನ ಹಿಂದೆ, ಬೀಜದ ಅಂಗಡಿಯ ಮೇಲೆ,
ಹದಿನೇಳು ಮೆಟ್ಟಿಲು.
ಮುನವ್ವರ್ ಸಾಬರು ಮೂರು ಪೆಟ್ಟಿಗೆ ಒರೆಸಿಟ್ಟು
ಚಾ ತರಿಸಿ, ಸುಮ್ಮನೆ ಕೂತರು.

ಮೊದಲನೆಯದಕ್ಕೆ ಎಲೆಕ್ಟ್ರಿಕ್ ಸಿಕ್ಕಿಸಿದೆ:
ಅಬ್ಬಾ! ಗಾಜಿನ ಕಪಾಟಿನ ತುತ್ತೂರಿಗಳೆಲ್ಲ ಹಲ್ಲು ಕಡಿದವು.
ಅದಕ್ಕೇ ಮರದ್ದನ್ನು ಸಿಕ್ಕಿಸಿದರೆ
ಡಬ್ಬಿಯೊಳಗೆ ಸಿಕ್ಕ ಜೀರುಂಡೆ.
ಎರಡನೆಯದರಲ್ಲಿ ಮರ ಮರವಾಗಿಯೇ ಬಂತು,
ಬೆರಳು ತಂತಿಯ ಮೇಲೆ ಜಾರುವ ಕಿರ್ ಸಮೇತ.
ಎಲೆಕ್ಟ್ರಿಕ್ಕು ಮಾತ್ರ
ಬೀಗರ ಮನೆಯಲ್ಲಿ ಎರಡನೇ ಸಲ ಅನ್ನಕ್ಕೆ ನಾಚುವವನ ಹಾಗೆ
ಸಾಕು, ಸಾಕು ಎಂದಿತು.

ತಪ್ಪು ಪೆಟ್ಟಿಗೆಗಳದ್ದಲ್ಲ.
ಮರದ್ದಕ್ಕೆ ಹೊಟ್ಟೆಯಿದೆ, ದನಿ ಅಲ್ಲೇ ಹುಟ್ಟಿರುತ್ತದೆ;
ಅದಕ್ಕೆ ಬೇಕಾದ್ದು ಕನ್ನಡಿ,
ಇದ್ದ ಮೂಗನ್ನು ಇದ್ದ ಹಾಗೆ ತೋರಿಸುವ ಕನ್ನಡಿ.
ಎಲೆಕ್ಟ್ರಿಕ್ಕೋ, ಬರೀ ಹಲಗೆ.
ಪ್ಲಗ್ಗು ಕಿತ್ತರೆ ಕೀರಲು ಪಿಸುಮಾತು,
ಪೆಟ್ಟಿಗೆಯೇ ಅದರ ಗಂಟಲು.
ಒಂದೇ ವಸ್ತು ಇವಳಿಗೆ ಕನ್ನಡಿ, ಅವಳಿಗೆ ಗಂಟಲು
ಹೇಗಾದೀತು?

‘ಮೂರನೇದು ಎರಡಕ್ಕೂ ಅಷ್ಟಕ್ಕಷ್ಟೇ ಅಮ್ಮಾ’
ಎಂದರು ಸಾಬರು, ಮಾರುವವರ ಬಾಯಲ್ಲಿ ಬರಬಾರದ ಮಾತು.
‘ಆದ್ರೆ ತೂತು ಎರಡಿದೆ, ಗುಂಡಿನೂ ಬೇರೆ ಬೇರೆ.’
ಅಷ್ಟರಲ್ಲಿ ಕರೆಂಟು ಹೋಯಿತು.
ಫ್ಯಾನು ನಿಂತಿತು, ಕೆಳಗೆ ಬೀಜ ತೂಗುವ ಯಂತ್ರವೂ.
ಎರಡು ಪೆಟ್ಟಿಗೆಗಳ ಕೆಂಪು ಕಣ್ಣು ಆರಿದವು.
ಮೂರನೆಯದು ಬ್ಯಾಟರಿಯ ಮೇಲೆ
ಸಣ್ಣಗೆ ಉಸಿರಾಡುತ್ತ ಕಾದಿತ್ತು,
ಮುಂದಿನ ಸ್ವರ ಯಾವುದು ಎಂಬಂತೆ.

ಸುರುಳಿ ಬಿಚ್ಚಿ ಅಳೆದೆ. ಅರ್ಧ ಬೆರಳು ಉಳಿಯಿತು.
ಹಿಡಿಕೆ ಹಿಡಿದು ಹದಿನೇಳು ಮೆಟ್ಟಿಲಿಳಿದು ಮತ್ತೆ ಹತ್ತಿದೆ:
ಟೊಮೆಟೊ ಕ್ರೇಟಿನ ಅರ್ಧ ಭಾರ.
ಅವರು ಐನೂರು ಬಿಟ್ಟರು.
ನಾನು ಇನ್ನೂರು ಸಾಲ ಹೇಳಿದೆ.

ಮೊದಲ ಭಾನುವಾರ, ನಿದ್ದೆಗಣ್ಣು.
ಮರದ ಗಿಟಾರನ್ನು ಆರತಕ್ಷತೆಯ ತೂತಿಗೇ ಚುಚ್ಚಿ,
ರಾತ್ರಿಯ ಗುಂಡಿ ರಾತ್ರಿಯಲ್ಲೇ ನಿಂತಿರಲು,
ಮೊದಲ ಕಾರ್ಡ್ ಎಳೆದೆ.
ಹೆಂಚಿನ ಮೇಲಿನ ಪಾರಿವಾಳಗಳು ಒಟ್ಟಿಗೆ ಎದ್ದವು.
ಪಾದ್ರಿಗಳ ಕನ್ನಡಕ ಪುಸ್ತಕದ ಮೇಲೆ ಬಿತ್ತು.
ನಾನು ಕೂತಲ್ಲೇ ಬೆವರಿ ಗುಂಡಿಗಾಗಿ ತಡಕಾಡುವಾಗ
ಮೂರನೇ ಬೆಂಚಿನ ಜೆಸಿಂತಾ ಅಜ್ಜಿ,
ಎಂಟು ವರ್ಷದಿಂದ ಪಕ್ಕದವರ ತುಟಿ ನೋಡಿಯೇ ಹಾಡುವವರು,
ಎದ್ದು ನಿಂತು ಸುತ್ತ ನೋಡಿದರು:
‘ಯಾರಮ್ಮ ಅದು, ಇವತ್ತು ನಿಜವಾಗ್ಲೂ ಬಾರಿಸ್ತಿರೋದು?’

ಗುಂಡಿ ಇಳಿಸಿದೆ.
ಪೂರ್ತಿ ಅಲ್ಲ.