ಮೂಲೆಯಿಂದ ಮೂಲೆಗೆ ನೂಲು

ಮೋಕಾ ರಸ್ತೆಯ ನಮ್ಮ ಶೆಡ್ಡಿಗೆ
ಟ್ರ್ಯಾಕ್ಟರಿನ ಹಗ್ಗ ಕಟ್ಟಿಸಿಕೊಂಡು ಬಂತು ಚಾಲೆಂಜರ್.
ಏಳುನೂರು ಕುದುರೆಯ ಬಾನೆಟ್ಟಿನ ಮೇಲೆ
ಒಣಮೆಣಸಿನಕಾಯಿ.
ಬಾಗಿಲು ತೆಗೆದವರೆಲ್ಲ ಸೀನಿದೆವು,
ಕೊನೆಗೆ ಧಣಿ ಗಾದಿಲಿಂಗನೂ.

ಆದದ್ದಿಷ್ಟು:
ಕಾಲುವೆ ಪಕ್ಕದ ನೆಟ್ಟನೆಯ ದಾರಿಯಲ್ಲಿ
ಭಾವಮೈದುನನ ಕಮಾರೊ
ಕನ್ನಡಿಯಲ್ಲಿ ಹುಣಸೆಬೀಜದಷ್ಟಾಗಿತ್ತಂತೆ.
ಆಮೇಲೆ ತಿರುವು.
ನಾನೂರೈವತ್ತು ಕುದುರೆಯ ಆ ಬಡಪಾಯಿ
ಗೆರೆ ಕೊರೆದಂತೆ ತಿರುಗಿಕೊಂಡು ಹೋಯಿತು;
ಇದು ಹಿಂದಿನದು ಮುಂದಾಗಿ
ಯಾರೋ ಒಣಹಾಕಿದ್ದ ಕಾಯಿಯ ರಾಶಿಗೆ.
ಕಾಯಿಯ ದುಡ್ಡು ಅಲ್ಲೇ ಎಣಿಸಿಕೊಟ್ಟಿದ್ದ ಧಣಿ,
ನಾಚಿಕೆಯನ್ನಷ್ಟೇ ನಮ್ಮಲ್ಲಿಗೆ ತಂದಿದ್ದ.

ಚಾಂದಪೀರ್ ಚಾಚಾ
ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ ಇಟ್ಟು
ಕಣ್ಣು ಮುಚ್ಚಿದ.
ಎಂಟು ಸಿಲಿಂಡರಿನ ಉಸಿರು ಒಂದೊಂದಾಗಿ ಎಣಿಸಿ,
‘ಇದರ ತಪ್ಪಿಲ್ಲ ಮೌನೇಶಿ. ಇದು ಹುಲಿ.
ಹುಲೀನ ಮಂಚಕ್ಕೆ ಕಟ್ಟಿದ್ರೆ
ಮಂಚ ಉಳಿತೈತೇನು?’
‘ಅದಕ್ಕೇ ಮೊದ್ಲು ಮಂಚ ನೋಡ್ರಿ ಅನ್ನೋದು ನಾನು.’
‘ಮಂಚ ಎಲ್ಲೈತೋ ಇದಕ್ಕೆ? ಲಾರಿಯಲ್ಲ ಇದು.
ಬೇರೆ ಚಾಸಿನೇ ಇಲ್ಲ, ಮೈಯೇ ಚಾಸಿ.’
‘ಹಂಗಾದ್ರೆ ಮೈಯೇ ಅಳೀತೀನಿ.’

ಮೌನೇಶ ಮಾವ ಇಪ್ಪತ್ತೊಂದರ ಹರೆಯದಲ್ಲಿ
ಪುಣೆಯಿಂದ ಬಳ್ಳಾರಿಗೆ
ಬೋಳು ಚಾಸಿ ಓಡಿಸಿಕೊಂಡು ಬರುತ್ತಿದ್ದವನು.
ಕ್ಯಾಬಿನ್ನಿಲ್ಲ, ಗಾಜಿಲ್ಲ,
ಕೂರಲು ಒಂದು ಮರದ ಪೆಟ್ಟಿಗೆ,
ತಲೆಗೆ ಟವೆಲ್ಲು, ಹಲ್ಲಿಗೆ ಹಾರುವ ಹುಳ.
ಉಕ್ಕು ಎಲ್ಲಿ ಬಳುಕುತ್ತದೆ, ಎಲ್ಲಿ ಹಟ ಹಿಡಿಯುತ್ತದೆ
ಎಂದು ಬಾಗಲಕೋಟೆ ದಾಟುವಷ್ಟರಲ್ಲಿ
ತಿಳಿದುಬಿಡುತ್ತಿತ್ತಂತೆ,
ತಲೆಗಲ್ಲ, ಟೊಂಕಕ್ಕೆ.

ಜಾಕಿ ಏರಿಸಿ ತೂಗುಗುಂಡು ಇಳಿಬಿಟ್ಟ.
ಗುಂಡು ಮುಟ್ಟಿದಲ್ಲೆಲ್ಲ ಸೀಮೆಸುಣ್ಣದ ಚುಕ್ಕಿ.
ಎಡ ಮುಂದಿನಿಂದ ಬಲ ಹಿಂದಕ್ಕೆ,
ಬಲ ಮುಂದಿನಿಂದ ಎಡ ಹಿಂದಕ್ಕೆ ನೂಲು.
ಇನ್ನೊಂದು ತುದಿ ನನ್ನ ಕೈಯಲ್ಲಿ,
ಐಟಿಐ ಮುಗಿಸಿ ಮೂರೇ ತಿಂಗಳಾದ ಕೈ.
‘ಎಳೀಬ್ಯಾಡ. ಸಡ್ಲಾನೂ ಬಿಡಬ್ಯಾಡ.’
ಎರಡು ನೂಲಿಗೂ ಒಂಬತ್ತು ಮಿಲಿಮೀಟರ್ ಅಂತರ,
ಒಂದು ಕಡಲೆಕಾಳು.
ಮನೆಯಂಗಳದಲ್ಲಾದರೆ
ಅವ್ವ ನೀರು ಹಾಕಿ ಅಳಿಸಿ
ಮತ್ತೆ ಇಡು ಅನ್ನುತ್ತಿದ್ದಳು ಚುಕ್ಕಿ.

ಹನ್ನೊಂದು ದಿನ ಸರಪಳಿ, ಬೆವರು,
ಎಳೆದಷ್ಟೂ ಸ್ವಲ್ಪ ಹಿಂದಕ್ಕೆ ಹೋಗುವ ಉಕ್ಕು.
ಧಣಿಯ ಫೋನು:
‘ಇನ್ನೊಂದು ನೂರು ಕುದುರೆ ಏರಿಸಬಹುದಾ?’
ಚಾಚಾನ ಕಣ್ಣು ಮಿಂಚಿದ್ದು ಸುಳ್ಳಲ್ಲ.
ಮಾವ ನೂಲನ್ನು ಬೋಲ್ಟಿಗೆ ಸುತ್ತುತ್ತಿದ್ದ.

ಕುಡತಿನಿ ದಾರಿ, ಬೆಳಗಿನ ಆರು ಗಂಟೆ.
ಸ್ಟೀರಿಂಗು ನನಗೆ,
ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತ ಮಾವ,
ಹಿಂದೆ ಕಿವಿಯೇ ಆಗಿ ಚಾಚಾ.
ಎಂಬತ್ತು. ತೊಂಬತ್ತು.
ಸೆಕೆ ಅಂತ ಏಸಿ ಹಾಕಿದೆ.

ಯಾವ ಸಂದಿಯಲ್ಲಿ ಕೂತಿತ್ತೋ ಆ ಖಾರದ ಪುಡಿ,
ಮೂವರೂ ಒಟ್ಟಿಗೆ ಸೀನಿದೆವು,
ಮತ್ತೆ, ಮತ್ತೆ,
ಎರಡೂ ಕೈ ನನ್ನ ಮೂಗಿನ ಮೇಲೆ.

ಕಣ್ಣು ಬಿಟ್ಟಾಗ
ಕಾರು ತನ್ನ ಪಾಡಿಗೆ ತಾನು
ಬಿಳಿಗೆರೆಯ ಎಡಕ್ಕೆ ಒಂದು ಗೇಣು ಬಿಟ್ಟು
ನೆಟ್ಟಗೆ ಹೋಗುತ್ತಿತ್ತು.

‘ಎಂಜಿನ್ ಒಂದೇ ಸಮ ಎಳೀತು, ಅದಕ್ಕೇ,’
ಅಂದ ಚಾಚಾ, ಮೂಗು ಒರೆಸಿಕೊಳ್ಳುತ್ತ.
ಮಾವ ಇನ್ನೂ ಕಣ್ಣು ತೆರೆದಿರಲಿಲ್ಲ.