ತೇಪೆಯ ಲೆಕ್ಕ

ತುಜ್ಲಾದ ಡ್ರೈಡಾಕಿಗೆ ಫೆಬ್ರವರಿಯಲ್ಲಿ ಬಂತು ಈ ಹಡಗು,
ಮೂವತ್ತನಾಲ್ಕು ವರ್ಷ ಗೋಧಿ, ಗೊಬ್ಬರ, ಗುಜರಿ ಹೊತ್ತು.
ನೀರು ಇಳಿದ ಮೇಲೆ ನೋಡಿದರೆ
ಹೊಟ್ಟೆಯಡಿ ಚಿಪ್ಪು, ಪಾಚಿ, ಯಾವುದೋ ಬಂದರಿನ ಹಗ್ಗದ ತುಂಡು.
ತೇಲುವಾಗ ಇದ್ದ ಗತ್ತು
ದಿಮ್ಮಿಗಳ ಮೇಲೆ ಕೂತಾಗ ಇರಲಿಲ್ಲ.

ಹೆಸರು ಕೆರೆಯುವ ಕೆಲಸ ನನ್ನದು.
ಹಿಂಬದಿಗೆ ಹಲಗೆ ಇಳಿಬಿಟ್ಟು, ಗ್ರೈಂಡರ್ ಹಿಡಿದು ಕೂತೆ.
ಮೊದಲು ಉದುರಿದ್ದು ‘ಸೀ ಫಾರ್ಚೂನ್’.
ಅದರಡಿ ‘ಪನಾಯೋಟಾ’.
ಅದರಡಿ, ಬೆರಳಿಗಷ್ಟೇ ಸಿಗುವ ಹಾಗೆ, ‘ಕಾರಿನ್ ಹೋಲ್ಮ್’.
ಪೂರ್ತಿ ಅಳಿಸಬೇಡ,
ಬಣ್ಣ ಹೊಡೆದರೆ ಕಾಣದಷ್ಟು ಮಾಡು ಸಾಕು ಅಂದ ರುಶ್ತು ಮೇಸ್ತ್ರಿ.
ಸಂಬಳವೂ ಅಷ್ಟಕ್ಕೇ.

ಒಳಗೆ, ಬ್ಯಾಲಸ್ಟ್ ತೊಟ್ಟಿಯಲ್ಲಿ, ಸೆವಿಲಾಯ್ ದಪ್ಪ ಅಳೆಯುತ್ತಿದ್ದಳು:
ಮಂಡಿಯೂರಿ, ತಗಡಿಗೆ ಲೋಳೆ ಸವರಿ, ಯಂತ್ರ ಒತ್ತಿ,
ಕಲ್ಲಂಗಡಿ ತಟ್ಟಿ ಕೊಳ್ಳುವವಳ ಮುಖ ಮಾಡಿ,
ಸೀಮೆಸುಣ್ಣದಲ್ಲಿ ಬರೆದಳು.
ಹುಟ್ಟುವಾಗ ಹನ್ನೆರಡು ಮಿಲಿಮೀಟರ್ ಇದ್ದದ್ದು
ಹತ್ತು. ಒಂಬತ್ತೂವರೆ. ಏಳು ಚಿಲ್ಲರೆ.
ಒಂಬತ್ತರ ಕೆಳಗಿನದೆಲ್ಲ ಕತ್ತರಿಸಬೇಕು,
ಅದು ಕಾನೂನು.
‘ಇನ್ನೈದು ವರ್ಷ ತೇಲಿದರೆ ಸಾಕಪ್ಪ’
ಅನ್ನುತ್ತ ಮಾಲೀಕರ ಕಡೆಯವನು ಮೂಗಿಗೆ ಕರವಸ್ತ್ರ ಹಿಡಿದ.

ನಲವತ್ತೆರಡನೇ ಪಕ್ಕೆಲುಬಿನ ಬಳಿ ಕೆನಾನ್ ನಿಂತುಬಿಟ್ಟ.
ಕರೆದರೆ ಓಗೊಡಲಿಲ್ಲ. ದೀಪ ಹಿಡಿದು ನಾವೇ ಹೋದೆವು.
ಅಲ್ಲೊಂದು ತೇಪೆ, ಊಟದ ತಟ್ಟೆಯಷ್ಟು,
ಸುತ್ತ ಬೆಸುಗೆಯ ಸಾಲು;
ನಾಲ್ಕು ಬೆರಳಿಗೊಮ್ಮೆ ಸಾಲು ನಿಂತು, ಎಡಕ್ಕೆ ಸಣ್ಣ ಬಾಲ ತಿರುಗಿಸಿ,
ಮತ್ತೆ ಹೊರಟಿತ್ತು.
ಬೆಸುಗೆಗೂ ಕೈಬರಹ ಇರುತ್ತದೆ.
‘ಅಣ್ಣಂದು,’ ಅಂದ ಕೆನಾನ್.
ಅಷ್ಟೇ ಅಂದ.

ಹದಿನೇಳು ವರ್ಷದ ಹಿಂದೆ, ಹಡಗು ಪನಾಯೋಟಾ ಆಗಿದ್ದಾಗ,
ಇದೇ ಕಟ್ಟೆಯಲ್ಲಿ ಅವನಣ್ಣ ಹಾಕಿದ ತೇಪೆ.
ದುರ್ಸುನ್ ಅವನ ಹೆಸರು.
ದುರ್ಸುನ್ ಅಂದರೆ ನಿಲ್ಲಲಿ ಅಂತ;
ಕಪ್ಪು ಸಮುದ್ರದ ಕಡೆ, ಮಕ್ಕಳು ನಿಲ್ಲದ ಮನೆಯಲ್ಲಿ ಇಡುತ್ತಾರೆ.
ಹೆಸರು ನಿಂತಿತು, ಮೀಸೆ ಬಂತು, ಕೆಲಸ ಸಿಕ್ಕಿತು.
ಒಂದು ನವೆಂಬರ್ ಸಂಜೆ
ಕಾಲಡಿಯ ಹಲಗೆ ನಿಲ್ಲಲಿಲ್ಲ.

ಯಾರೂ ಕೇಳದೆಯೇ ಸೆವಿಲಾಯ್ ಯಂತ್ರ ಒತ್ತಿದಳು.
ತೇಪೆ: ಹನ್ನೊಂದು ಪಾಯಿಂಟ್ ಆರು.
ಸುತ್ತಲಿನ ತಗಡು: ಐದು ಪಾಯಿಂಟ್ ಎಂಟು.
ಇನ್ನೊಮ್ಮೆ ಒತ್ತಿದಳು. ಅಷ್ಟೇ.
ತೇಪೆಗೇನೂ ಆಗಿಲ್ಲ ಕಣೋ, ಬಟ್ಟೆಯೇ ಹೋಗಿದೆ,
ಅಂದ ರುಶ್ತು ಮೇಸ್ತ್ರಿ. ಅಂದಮೇಲೆ ಕೆಮ್ಮಿದ.
ಗಾಳಿಗೆ ಹಾಕಿದ ತೇಪೆ ಎಷ್ಟು ದಿನ ನಿಂತೀತು?

ಬೇರೆಯವರು ಕತ್ತರಿಸಲಿ ಅಂದೆವು. ಬೇಡ ಅಂದ.
ಟಾರ್ಚಿಗೆ ಕಿಡಿ ಕೊಟ್ಟ, ನೀಲಿ ನಾಲಗೆ ಸಣ್ಣಗೆ ಮಾಡಿದ,
ಬೆಸುಗೆಯ ಹೊರಗಿಂದಲೇ ಸುತ್ತಿದ,
ಬಾಲ ಬಂದಲ್ಲೆಲ್ಲ ಒಂದು ಗಳಿಗೆ ನಿಧಾನಿಸುತ್ತ.
ಕಬ್ಬಿಣ ಠಣ್ ಎಂದು ತಳಕ್ಕೆ ಬಿತ್ತು.
ತೂತಿನಲ್ಲಿ ಮರ್ಮರ ಸಮುದ್ರ ಕಂಡಿತು,
ಮೂರು ಹಕ್ಕಿ, ತುಂಡು ಬಿಸಿಲು.
ಮಧ್ಯಾಹ್ನ ಹೊಸ ತಗಡು ಕೂತಿತು. ಹೊಸದು, ಸಪ್ಪೆ, ಹನ್ನೆರಡೇ ಹನ್ನೆರಡು.

ಸಂಜೆ ಗುಜರಿ ತೂಗಿದರು. ಗುಜರಿ ಮಾಲೀಕರದು,
ಕಿಲೋ ಲೆಕ್ಕ.
ಎರಡೂವರೆ ಕಿಲೋ ಕಡಿಮೆ ಬಂತು.
‘ಉರಿದು ಹೋದದ್ದು’ ಎಂದು ಬರೆದುಕೊಂಡ ರುಶ್ತು ಮೇಸ್ತ್ರಿ,
ಉರಿದ ಕಬ್ಬಿಣ ಅಷ್ಟೊಂದು ತೂಗುವುದಿಲ್ಲ ಎಂದು
ನಮಗಿಂತ ಚೆನ್ನಾಗಿ ಗೊತ್ತಿದ್ದವನು.

ಗೇಟಿನಲ್ಲಿ ಸಾಲು. ಜೇಬು ತಡವುವ ಕಾವಲುಗಾರ.
ಕೆನಾನನ ಬುತ್ತಿಚೀಲ ಒಂದೇ ಕಡೆಗೆ ಜಗ್ಗಿತ್ತು.
ಕಾವಲುಗಾರ ಚೀಲ ನೋಡಿದ,
ಆಮೇಲೆ ಬಹಳ ಹೊತ್ತು
ಕ್ರೇನಿನ ತುದಿಗೆ ಕೂತ ಹಕ್ಕಿ ನೋಡಿದ.