ರಟ್ಟಿನ ಪೆಟ್ಟಿಗೆಯಲ್ಲಿ ಮಧ್ಯಾಹ್ನ

ಡಿಸೆಂಬರಿನಲ್ಲಿ ನಮ್ಮ ಕೆಮಿ ಊರಿಗೆ ಸೂರ್ಯ ಬರುವುದು
ಮುನಿದ ಷಡ್ಡಕನ ಹಾಗೆ:
ಹೊಸ್ತಿಲಲ್ಲೇ ನಿಂತು, ಬೂಟು ಕಳಚದೆ,
ಮೂರು ಗಂಟೆಯೊಳಗೆ ಹೊರಟೇಬಿಡುತ್ತಾನೆ.
ಅವನನ್ನು ನಂಬಿ ಚಿತ್ರ ತೆಗೆಯುವುದು ಆಗದ ಮಾತು.
ಅಂಗಡಿಯ ಹಿಂಬದಿಯಲ್ಲಿ ಕೇಳಿ
ಬಾಳೆಹಣ್ಣಿನ ಖಾಲಿ ಪೆಟ್ಟಿಗೆ ತಂದೆ. ಪುಕ್ಕಟೆ.

ಎಡಕ್ಕೊಂದು ಬಲಕ್ಕೊಂದು ಕಿಟಕಿ ಕೊರೆದು
ಬ್ರೆಡ್ಡು ಸುಡುವಾಗ ಹಾಸುವ ಕಾಗದ ಅಂಟಿಸಿದೆ.
ಮೂವತ್ತೊಂದು ವರ್ಷ ಗಿರಣಿಯಲ್ಲಿ
ಕಾಗದ ಮಾಡಿದವನು ನಾನು.
ಅದರ ತೂಕ ಗೊತ್ತು, ತೇವ ಗೊತ್ತು,
ಹರಿಯುವ ಮೊದಲಿನ ಸಣ್ಣ ನರಳಾಟ ಗೊತ್ತು.
ಅದು ಬೆಳಕನ್ನು ಸೋಸಬಲ್ಲದು ಅನ್ನುವುದು
ಗಿರಣಿ ಮುಚ್ಚಿದ ಮೇಲೆ ಗೊತ್ತಾಯಿತು,
ಅರವತ್ತಮೂರನೆಯ ವಯಸ್ಸಿಗೆ.

ಒಳಗೆ ಆಕಾಶ: ಬೂದುನೀಲಿಯ ಒಂದು ಹಾಳೆ,
ಹಿಂದಿನಿಂದ ಇಳಿದು ಹಾಗೇ ನೆಲವಾಗಬೇಕು.
ಎಲ್ಲಾದರೂ ಒಂದು ಮಡಿಕೆ ಬಿತ್ತೋ
ಆಕಾಶ ಹೋಯಿತು, ಗೋಡೆ ಬಂತು.

ಮೇಜುದೀಪ ಎರಡು. ಒಂದು ನನ್ನದು,
ಇನ್ನೊಂದು ಔನೆಯ ಹೊಲಿಗೆಯದು, ಕೇಳಿ ತಂದದ್ದು.
ಎರಡರ ಬಲ್ಬೂ ಒಂದೇ ಜಾತಿಯದಿರಲಿ.
ಮೊದಲ ಸಲ ಒಂದು ಹಳದಿ ಒಂದು ಬಿಳಿ ಹಾಕಿ
ನನ್ನ ಈಟಿಯಾಳಿಗೆ
ಅರ್ಧ ಮುಖಕ್ಕೆ ಮಾತ್ರ ಕಾಮಾಲೆ.

ಹಳೆಯ ಟೆಲಿಫೋನ್ ಡೈರೆಕ್ಟರಿಗಳ ಮೇಲೆ ಫೋನು,
ಬಟ್ಟೆಯ ಕ್ಲಿಪ್ಪು ಅದರ ಕಾಲು ಕಚ್ಚಿ ಹಿಡಿದಿದೆ.
ಮೈಮೇಲೆ ಬೀಳುವಷ್ಟು ಹತ್ತಿರ ಹೋಗಬೇಡಿ, ಮೂಗು ಉಬ್ಬುತ್ತದೆ.
ಒಂದು ಮೊಳ ಹಿಂದೆ ಸರಿದು, ಆಮೇಲೆ ಜೂಮ್.
ಫ್ಲ್ಯಾಶು ಬೇಡವೇ ಬೇಡ.
ಟೈಮರು ಎರಡು ಸೆಕೆಂಡು ಇಟ್ಟರೆ ಸಾಕಂತೆ,
ಮುಟ್ಟಿದ ಬೆರಳಿನ ನಡುಕ ಇಳಿಯಲು.
ನನ್ನ ಬೆರಳಿಗೆ ಐದು ಬೇಕು.

ಸೀಸದ ಆಳು. ಕಿರುಬೆರಳಿನ ಎರಡು ಗೆಣ್ಣಿನಷ್ಟು ಎತ್ತರ.
ಸಾಸಿವೆಯ ಕಾಲು ಭಾಗದ ಕಣ್ಣಿಗೆ
ಉಸಿರು ಕಟ್ಟಿ ಇಟ್ಟ ಚುಕ್ಕೆ.
ಬರಿಗಣ್ಣಿಗೆ ಮದುವೆಗೆ ಹೊರಟ ಹಾಗಿದ್ದಾನೆ.
ಅಂಗೈ ಹುಣ್ಣಿಗೆ ಕನ್ನಡಿ ಬೇಡದಿರಬಹುದು,
ಅಂಗೈ ಮೇಲಿನ ಆಳಿಗೆ ಬೇಕೇ ಬೇಕು:
ಪರದೆಯಲ್ಲಿ ಬೆಳೆದು ನಿಂತವನ
ಗಡ್ಡದಲ್ಲಿ ನನ್ನ ಕುಂಚದ ಕೂದಲು,
ಸೊಂಟಪಟ್ಟಿ ದಾಟಿ ಹರಿದ ಕಂದು.

ಇರಲಿ ಅಂತ ಬೆನ್ನಿನದೂ ಒಂದು ತೆಗೆದೆ.
ಕೆಂಪು ನಿಲುವಂಗಿಯ ಕೆಳಗೆ ಏನೋ ಸುರುಳಿ.
ಬಣ್ಣ ಸುಕ್ಕಾಯಿತೇ ಅಂದುಕೊಂಡೆ.
ದೊಡ್ಡದು ಮಾಡಿದೆ, ಇನ್ನೂ ದೊಡ್ಡದು.
ಹೆಬ್ಬೆರಳಿನ ಗುರುತು.

ನನ್ನದಲ್ಲ.
ನನ್ನ ಹೆಬ್ಬೆರಳನ್ನು ಎಂಬತ್ತೆಂಟರಲ್ಲೇ
ಕಾಗದ ಒಣಗಿಸುವ ಉರುಳೆ ನುಣ್ಣಗೆ ಮಾಡಿದೆ,
ಗೆರೆ ಅನ್ನುವುದೇ ಇಲ್ಲ.
ತೈಸ್ತೋ ಇವನು.
ನಲವತ್ತು ಆಳುಗಳನ್ನೂ ಎರಕ ಹೊಯ್ದು
ಸೌನಾದ ಬಟ್ಟೆ ಬದಲಿಸುವ ಕೋಣೆಯಲ್ಲಿ ಸಾಲಾಗಿಟ್ಟು
ತಳಬಣ್ಣ ಬಳಿದು ಬಿಸ್ಕತ್ತಿನ ಡಬ್ಬಿಯಲ್ಲಿ ಕೊಟ್ಟವನು.
ಒಣಗಿತೇ ಅಂತ ಮುಟ್ಟಿ ನೋಡುವುದೇ ಅವನ ರೋಗ.
ಒಣಗುವತನಕ ಕಾದವನಲ್ಲ ಯಾವತ್ತೂ.
ಈಸ್ಟರಿಗೂ ಕಾಯಲಿಲ್ಲ.

ಉಜ್ಜುಕಾಗದದ ಅತಿ ನುಣುಪಾದ ತುಂಡು
ಕೈಗೆ ಸಿಗುವಲ್ಲೇ ಇತ್ತು. ಇದೆ.

ಎಡದೀಪ ಆರಿಸಿದೆ.
ಬಲಗಡೆಯ ಕಾಗದ ಕಿತ್ತು
ದೀಪವನ್ನು ನೆಲಕ್ಕೆ ತಾಗುವಷ್ಟು ಇಳಿಸಿದೆ,
ನಮ್ಮೂರ ಸೂರ್ಯ ನಿಲ್ಲುವಷ್ಟು ತಗ್ಗಿಗೆ.
ಇಷ್ಟು ದಿನ ಅಟ್ಟಿದ ನೆರಳೆಲ್ಲ
ವಾಪಸು ಬಂದು
ಒಂದೊಂದು ಗೆರೆಯ ಪಕ್ಕದಲ್ಲಿ ಕೂತಿತು.
ಹದಿನಾಲ್ಕು ಎಣಿಸಿದೆ. ಆಮೇಲೆ ತಪ್ಪಿತು.

ಚಿತ್ರವಾಗಿ ಯಾರಿಗೂ ತೋರಿಸುವಂಥದ್ದಲ್ಲ.
ಆಕಾಶ ಕಪ್ಪು, ಈಟಿ ಅರ್ಧ ಇಲ್ಲ.

ಔನೆ ಬಾಗಿಲಲ್ಲಿ ನಿಂತು ದೀಪ ಕೇಳಿದಳು,
ತೋಳು ಹೊಲಿಯುವುದು ಅರ್ಧಕ್ಕೇ ನಿಂತಿದೆಯಂತೆ.
ಹತ್ತು ನಿಮಿಷ ಅಂದೆ.
ಡಬ್ಬಿಯಲ್ಲಿ ಇನ್ನೂ ಮೂವತ್ತೊಂಬತ್ತು ಜನ.